ಗಿಲಕಿ ಹಾವಿನ ಮಳೆಗಾಲ

ಮುಂಬಯಿಯ ಅಂಧೇರಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಸದ್ದಿಲ್ಲದ ಜಾಗವೆಂದರೇ ದಿಗಿಲು. ಅರಿಝೋನಾದ ಟೂಸಾನ್‌ನಲ್ಲಿರುವ ಮಗಳ ಮನೆಯಿಂದ ಬೆಳ್ಳಂಬೆಳಗ್ಗೆ ಅಳಿಯನ ಜೊತೆ ಮರುಭೂಮಿಗೆ ಹೊರಟಾಗ ನನ್ನ ಕಿವಿ ಪಾಪ, ಒಂದಾದರೂ ಹಾರ್ನ್ ಕೇಳೀತೇ ಎಂದು ತಡಕಾಡುತ್ತಿತ್ತು. ಸುತ್ತ ಸಗ್ವಾರೊ ಕಳ್ಳಿಗಳು. ನಮ್ಮೂರ ಬೇಲಿಯ ಕಳ್ಳಿಯಲ್ಲ. ತೆಂಗಿನಮರದಂತೆ ಎದ್ದು, ರಿಕ್ಷಾಕ್ಕೆ ಕೈ ಅಡ್ಡ ಹಿಡಿದವರ ಹಾಗೆ ನಿಂತಿದ್ದವು.

ಆಗ ಕೇಳಿಸಿತು, ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು. ಯಾರೋ ಒಗ್ಗರಣೆ ಹಾಕುತ್ತಿದ್ದಾರೆಂದು ಮೂಗರಳಿಸಿದೆ!

"ಮಾವ, ಅಲ್ಲೇ ನಿಲ್ಲಿ" ಎಂದ ಅಳಿಯ.

ಹದಿನೈದಡಿ ಆಚೆ, ಕಲ್ಲಿನದೇ ಬಣ್ಣ ಹೊತ್ತು, ಬೆನ್ನ ಮೇಲೆ ವಜ್ರದ ಚೌಕಳಿ ಬಿಡಿಸಿಕೊಂಡು ಗಿಲಕಿ ಹಾವು ಸುತ್ತಿ ಕುಳಿತಿತ್ತು. ಬಾಲದ ತುದಿ ಮಾತ್ರ ಕಣ್ಣಿಗೆ ಸಿಗದ ಹಾಗೆ ಅದುರುತ್ತಿತ್ತು. ಸೆಕೆಂಡಿಗೆ 50ಕ್ಕೂ ಹೆಚ್ಚು ಸಲವಂತೆ. ಆ ಗಿಲಕಿಯೊಳಗೆ ಕಾಳಿಲ್ಲ, ಕಲ್ಲಿಲ್ಲ. ನಮ್ಮ ಉಗುರಿನ ಜಾತಿಯ ಟೊಳ್ಳು ಬಳೆಗಳು ಒಂದಕ್ಕೊಂದು ಬಡಿದೇ ಅಷ್ಟು ಗದ್ದಲ. ಪೊರೆ ಬಿಟ್ಟಾಗಲೆಲ್ಲ ಹೊಸ ಬಳೆ ಸೇರುತ್ತದೆ, ಹಳೆಯದು ಮುರಿಯುತ್ತದೆ. ಎಣಿಸಿ ವಯಸ್ಸು ಹೇಳುವಂತಿಲ್ಲ.

ನಮ್ಮ ಕಟ್ಟುಹಾವು ರಾತ್ರಿ ಹಾಸಿಗೆಗೇ ಬಂದು, ಕಚ್ಚಿದ್ದೂ ತಿಳಿಯದಂತೆ ಕಚ್ಚಿ ಹೋಗುವ ಹಾವು. ಗರಗಸ ಮಂಡಲವೇನೋ ಮೈ ಉಜ್ಜಿ ಸರಸರ ಎನ್ನಿಸುತ್ತದೆ. ಆದರೆ ಬಾಲಕ್ಕೆ ವಾದ್ಯವನ್ನೇ ಕಟ್ಟಿಕೊಂಡು, ಲೋಕಲ್ ಗಾಡಿಯಲ್ಲಿ 'ಮುಂದಿನ ಸ್ಟೇಷನ್ ಅಂಧೇರಿ' ಎಂದು ಸಾರುವಂತೆ ಮೊದಲೇ ಹೇಳಿಬಿಡುವ ಹಾವಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಮರಳುವಾಗ ಮುಂದಿನ ಟ್ರಕ್ಕಿನ ಬೆನ್ನಿಗೆ ಅದೇ ಹಾವು! ಹಳದಿ ಬಾವುಟ, ಕೆಳಗೆ 'ನನ್ನನ್ನು ತುಳಿಯಬೇಡ' ಎಂಬ ಬರಹ. ನಮ್ಮ ಟ್ರಕ್ಕುಗಳ 'ಹಾರ್ನ್ ಓಕೆ ಪ್ಲೀಸ್' ಎಷ್ಟು ಸಾಧು! 1775ರಲ್ಲಿ, ಬ್ರಿಟಿಷರ ಮೇಲೆ ತಿರುಗಿಬಿದ್ದಾಗ ಗ್ಯಾಡ್ಸ್‌ಡೆನ್ ಎಂಬಾತ ಹಾರಿಸಿದ ಬಾವುಟವಂತೆ ಅದು. ಅದಕ್ಕೂ ಮುಂಚೆ, 1751ರಲ್ಲಿ, ಇಂಗ್ಲೆಂಡ್ ತನ್ನ ಕೈದಿಗಳನ್ನು ಇಲ್ಲಿಗೆ ಸಾಗಹಾಕುತ್ತಿದ್ದುದಕ್ಕೆ ಬದಲಾಗಿ ಗಿಲಕಿ ಹಾವುಗಳನ್ನು ಕಳಿಸೋಣವೆಂದು ಬೆಂಜಮಿನ್ ಫ್ರಾಂಕ್ಲಿನ್ ಪತ್ರಿಕೆಯಲ್ಲಿ ಕುಟುಕಿದ್ದ. ಇಷ್ಟು ಮಾನ ಕೊಟ್ಟ ದೇಶದಲ್ಲೇ, ಟೆಕ್ಸಸ್‌ನ ಸ್ವೀಟ್‌ವಾಟರ್‌ನಲ್ಲಿ, 1958ರಿಂದ ಜಾತ್ರೆ ನೆರೆದು ಇವನ್ನು ಹಿಡಿದು ಕೊಲ್ಲುತ್ತಾರೆ. ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ನಮ್ಮ ನಾಗರಪಂಚಮಿಯ ಮರುದಿನ ನೆನಪಾಯಿತು.

ಆಗಸ್ಟ್ ತಿಂಗಳು. ಇಲ್ಲೂ ಮಳೆಗಾಲಕ್ಕೆ 'ಮಾನ್ಸೂನ್' ಎಂದೇ ಹೆಸರು. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಸೊಂಟಮಟ್ಟದ ನೀರಲ್ಲಿ ಮನೆ ಸೇರಿದವನು ನಾನು. ಟೂಸಾನ್‌ಗೆ ಅಷ್ಟು ಬೀಳಲು ಮೂರು ವರ್ಷವಾದರೂ ಬೇಕು. ಉತ್ತರದ ಹೋಪಿ ಜನ ಈ ತಿಂಗಳಲ್ಲೇ ಹಾವುಗಳನ್ನು ಬಾಯಲ್ಲಿ ಹಿಡಿದು ಮಳೆಗಾಗಿ ಕುಣಿದು, ಆಮೇಲೆ ಬಯಲಿಗೆ ಬಿಡುವ ಪದ್ಧತಿಯಿದೆ.

ಸಂಜೆ ಹನಿಯಿತು. ಮಳೆ ಬಂದರೆ ಗಿಲಕಿ ಹಾವು ಮೈ ಚಪ್ಪಟೆ ಮಾಡಿ, ಸುರುಳಿ ಸುತ್ತಿ, ತನ್ನ ಬೆನ್ನನ್ನೇ ಬಟ್ಟಲು ಮಾಡಿಕೊಂಡು ನೀರು ಹೀರುತ್ತದೆಂದು ಅಳಿಯ ಹೇಳಿದ್ದ. ಟಾರ್ಚ್ ಹಿಡಿದು ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಮಗಳು ಮೂರು ಸಲ ಊಟಕ್ಕೆ ಕರೆದಳು.