ಊರಿಗೆ ಕಾರೋ, ರೈಲೋ? ಶೋಳಿಂಗನಲ್ಲೂರಿನಿಂದ ಒಂದು ಲೆಕ್ಕ

ಶೋಳಿಂಗನಲ್ಲೂರ್ ಸುತ್ತಮುತ್ತ ನೆಲೆಸಿರುವ ಕನ್ನಡ ಬಂಧುಗಳೇ, ಯುಗಾದಿ, ದಸರಾ ಹತ್ತಿರ ಬಂದಾಗ ತಮ್ಮ ಮನೆಯಲ್ಲೂ ಈ ಚರ್ಚೆ ನಡೆದೇ ಇರುತ್ತದೆ: ಬೆಂಗಳೂರಿಗೆ ಕಾರಿನಲ್ಲಿ ಹೋಗೋಣವೋ, ರೈಲಿನಲ್ಲೋ? "ಪೆಟ್ರೋಲ್ ಹಾಕಿಸಿದರಾಯಿತು, ನಾಲ್ಕು ಟಿಕೆಟ್ಟಿಗಿಂತ ಅಗ್ಗ" ಎಂಬ ಮಾತೇ ಸಾಮಾನ್ಯವಾಗಿ ಗೆಲ್ಲುತ್ತದೆ. ಅದನ್ನು ಒಮ್ಮೆ ಕಾಗದದ ಮೇಲಿಟ್ಟು ನೋಡೋಣ.

ದಾರಿ ಸುಮಾರು 350 ಕಿ.ಮೀ. ಕಾರು ಲೀಟರಿಗೆ 15 ಕಿ.ಮೀ. ಓಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂ. ಎಂದಿಟ್ಟುಕೊಂಡರೆ 2,330 ರೂ. ಆಯಿತು. ಟೋಲ್‌ಗೆ 500 ಸೇರಿಸಿ. ಟೈರಿನ ಸವೆತ, ಆಯಿಲ್, ಸರ್ವೀಸು, ಮುಂದೆ ಮಾರುವಾಗ ಇಳಿಯುವ ಬೆಲೆ, ಇವಕ್ಕೆಲ್ಲ ಕಿ.ಮೀ.ಗೆ 4 ರೂ. ಹಿಡಿದರೂ 1,400. ಒಟ್ಟು 4,230 ರೂ. ಒಬ್ಬರೇ ಹೋದರೂ ಇಷ್ಟೇ, ನಾಲ್ವರು ಹೋದರೂ ಇಷ್ಟೇ.

ಇನ್ನು ರೈಲು. ಎ.ಸಿ. ಚೇರ್‌ಕಾರ್ ತಲೆಗೆ 800, ಸೆಂಟ್ರಲ್‌ವರೆಗೆ ಟ್ಯಾಕ್ಸಿಗೆ 700, ಬೆಂಗಳೂರಿನಲ್ಲಿ ಆಟೋಗೆ 400 ಎನ್ನಿ. ಒಬ್ಬರಿಗೆ 1,900, ಇಬ್ಬರಿಗೆ 2,700, ನಾಲ್ವರಿಗೆ 4,300. ಅಂದರೆ ನಾಲ್ಕು ಜನ ತುಂಬಿದಾಗ ಮಾತ್ರ ಕಾರು ರೈಲಿಗೆ ಸರಿಸಮ!

ನಮ್ಮ ಬಡಾವಣೆಗೆ ರೈಲು ನಿಲ್ದಾಣವಿಲ್ಲ, ನಿಜ. ಆದರೆ 2007ರಿಂದ ವೇಲಚ್ಚೇರಿಯಿಂದ ಎಂ.ಆರ್.ಟಿ.ಎಸ್. ರೈಲು ಓಡುತ್ತಿದೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ, ರೈಲು ಹತ್ತಿ ಪಾರ್ಕ್ ಟೌನ್‌ನಲ್ಲಿಳಿದರೆ ಸೆಂಟ್ರಲ್ ನಡೆದುಹೋಗುವಷ್ಟು ಹತ್ತಿರ. ಸಾಮಾನು ಕಡಿಮೆಯಿದ್ದವರಿಗೆ ಟ್ಯಾಕ್ಸಿ ಖರ್ಚೂ ಉಳಿಯಿತು.

ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂದದ್ದು 1864ರಲ್ಲಿ. ಬೃಂದಾವನ ಎಕ್ಸ್‌ಪ್ರೆಸ್ 1964ರಲ್ಲಿ, ಶತಾಬ್ದಿ 1994ರಲ್ಲಿ, ವಂದೇ ಭಾರತ್ 2022ರಲ್ಲಿ ಆರಂಭವಾದವು. ಹಗಲಿನ ಗಾಡಿಯಲ್ಲಿ ಕಿಟಕಿ ಪಕ್ಕ ಕುಳಿತು ನೋಡಿ: ಕಾಟ್ಪಾಡಿ, ಜೋಲಾರಪೇಟೆ ದಾಟಿದ ಮೇಲೆ ಕುಪ್ಪಂನಲ್ಲಿ ತೆಲುಗು ಫಲಕ, ಬಂಗಾರಪೇಟೆ ಬರುವ ಹೊತ್ತಿಗೆ ಕನ್ನಡ! ಮಕ್ಕಳಿಗೆ ಓದಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ವಯಸ್ಸಾದ ತಂದೆತಾಯಿಯರು ಜೊತೆಗಿದ್ದರೆ, ಅಥವಾ ಬೆಂಗಳೂರಿನಿಂದಾಚೆ ಬಸ್ಸು ಅಪರೂಪವಾದ ಹಳ್ಳಿಗೆ ಹೋಗಬೇಕಿದ್ದರೆ ಕಾರೇ ಅನುಕೂಲ. ಆದರೆ ಶುಕ್ರವಾರ ಕಛೇರಿಯಿಂದ ದಣಿದು ಬಂದು, ರಾತ್ರಿಯೆಲ್ಲ ವೆಲ್ಲೂರು, ಕೃಷ್ಣಗಿರಿ, ಹೊಸೂರು ಎಂದು ಒಬ್ಬರೇ ಸ್ಟೇರಿಂಗ್ ಹಿಡಿದು ಕೂರುವುದಿದೆಯಲ್ಲ, ಅದಕ್ಕೆ ಯಾವ ದರ ಹಾಕೋಣ? ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳ ಕ್ಷೇಮ ಆ ಎರಡು ಕಣ್ಣುಗಳ ಮೇಲೇ ನಿಂತಿರುತ್ತದೆ.

ಮುಂದಿನ ಹಬ್ಬಕ್ಕೆ ತಮ್ಮ ಕಾರಿನ ಮೈಲೇಜು, ಅಂದಿನ ಟಿಕೆಟ್ ದರ ಹಾಕಿ ತಾವೇ ಲೆಕ್ಕ ಮಾಡಿ. ರೈಲು ಎಂದಾದರೆ ಸೀಟನ್ನು ಮುಂಚಿತವಾಗಿ ಕಾಯ್ದಿರಿಸಿ. ಪ್ರಯಾಣ ಸುಖಕರವಾಗಲಿ!