ಹತ್ತಿ ಗಾಡಿಯ ಅಣ್ಣಂದಿರಿಗೆ, ಕುಮಟೆಯಿಂದ

ದೇವಿಮನೆ ಘಟ್ಟ ಇಳಿದು ಬರುತ್ತಿದ್ದ ಅಣ್ಣಂದಿರೇ,

ಒಂದು ಹತ್ತಿಗಿಡವೂ ಬೆಳೆಯದ ಈ ಊರಿನ ಹೆಸರು ಮುಂಬಯಿ, ಲಿವರ್‌ಪೂಲ್‌ಗಳ ಹತ್ತಿ ಪೇಟೆಯಲ್ಲಿ ಓಡಾಡಿದ್ದು ನಿಮ್ಮ ಎತ್ತುಗಳ ಹೆಗಲ ಮೇಲೆ. ಧಾರವಾಡದ ಎರೆಭೂಮಿಯ ಬೆಳೆ ಇಲ್ಲಿಂದ ಹಡಗು ಹತ್ತಿತು, 'ಕುಮಟಾ ಹತ್ತಿ' ಎನಿಸಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಇಂಗ್ಲೆಂಡಿನ ಗಿರಣಿಗಳಿಗೆ ನಿಮ್ಮ ಅಂಡಿಗೆಗಳೇ ಬೇಕಾದವು. ಮರುವರ್ಷ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಡವಿತ್ತು. 1880ರ ದಶಕದಲ್ಲಿ ರೈಲು ಮರ್ಮಗೋವಾದ ದಾರಿ ತೆರೆಯಿತು. ನೀವು ಬರುವುದು ನಿಂತಿತು.

ಇವತ್ತು ನಿಮಗೆ ಬರೆಯುತ್ತಿರುವುದು ಹತ್ತಿಯ ಬಗ್ಗೆ ಅಲ್ಲ, ಜಾಗದ ಬಗ್ಗೆ. ನೀವು ಬಂದು ಹೋಗುವವರು. ನೊಗ ಕಳಚಿ, ಅಂಡಿಗೆ ಇಳಿಸಿ, ಎತ್ತಿಗೆ ನೀರು ಕುಡಿಸಿ, ಉಪ್ಪೋ ತೆಂಗೋ ಹೇರಿಕೊಂಡು ಮತ್ತೆ ಘಟ್ಟ ಹತ್ತಿದಿರೆಂದರೆ ನೀವು ನಿಂತಿದ್ದ ನೆಲ ಇನ್ನೊಬ್ಬರದು. ಮಳೆಗಾಲಕ್ಕೆ ಬಂದರು ಮುಚ್ಚಿದ ಮೇಲಂತೂ ಹೇಳುವುದೇ ಬೇಡ.

ಈಗ ನಮ್ಮ ಕೇರಿಗಳಲ್ಲಿ ಕಾರು ಬಂದು ನಿಂತರೆ ಆ ಜಾಗ ಅದರದೇ. ಮಾಲೀಕರು ಕೆಲಸಕ್ಕೆ ಹೋದಾಗ ಅಲ್ಲಿ ಎರಡು ಕಲ್ಲು, ಒಂದು ಹಳೇ ಟಯರು ಇಲ್ಲವೇ ಮಣ್ಣು ತುಂಬಿದ ಡಬ್ಬ ಕಾವಲಿಗೆ ಕೂರುತ್ತದೆ. ಮದುವೆಗೆ ಬಂದ ನೆಂಟರು ಕಲ್ಲು ಸರಿಸಿದರೆ ಜಗಳ. ವರ್ಷಗಟ್ಟಲೆ ದೋಸೆ ಹಿಟ್ಟು ಕೊಟ್ಟು ತೆಗೆದುಕೊಂಡಿದ್ದ ಮನೆಗಳು ಇದಕ್ಕಾಗಿ ಮಾತು ಬಿಟ್ಟದ್ದನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಹೆದ್ದಾರಿ 66 ಅಗಲವಾಗುವಾಗ ಅಂಚಿನ ಅಂಗಳಗಳು ಹೋದವು, ಅಲ್ಲಿ ನಿಲ್ಲುತ್ತಿದ್ದ ವಾಹನಗಳು ಒಳಬೀದಿಗೆ ನುಗ್ಗಿದವು. ಹೊನ್ನಾವರದಲ್ಲೂ ಇದೇ ಕತೆ. ಭಟ್ಕಳದ ಹಳೇ ಕೇರಿಗಳು ಇನ್ನೂ ಇಕ್ಕಟ್ಟು. ಕೊಲ್ಲಿ ದೇಶಗಳಲ್ಲಿ ದುಡಿಯುವವರು ರಂಜಾನಿಗೋ ರಜೆಗೋ ಊರಿಗೆ ಬಂದಾಗ ಅಲ್ಲಿ ಸ್ಕೂಟರ್ ತೂರಿಸುವುದೂ ಕಷ್ಟ.

ಅಣ್ಣಂದಿರೇ, ನನ್ನನ್ನು ನಿಜವಾಗಿ ಕಾಡುವ ವಿಷಯ ಬೇರೆ. ಬುಧವಾರ ಕುಮಟೆಯ ಸಂತೆ, ಶನಿವಾರ ಹೊನ್ನಾವರದ್ದು, ಭಾನುವಾರ ಭಟ್ಕಳದ್ದು. ಹಳ್ಳಿಯಿಂದ ಬಸಳೆ, ಹರಿವೆ ಹೊತ್ತು ತಂದ ಅಕ್ಕ ಗೋಣಿಚೀಲ ಹಾಸಿ ಕೂತರೆ ಆ ಚೀಲದಷ್ಟು ನೆಲಕ್ಕೆ ಆ ದಿನದ ನೆಲಬಾಡಿಗೆ ಕೊಡಬೇಕು. ಒಂದು ಕಾರು ನಿಲ್ಲಲು ಸುಮಾರು 135 ಚದರಡಿ ಬೇಕು. ಅದು ವರ್ಷವಿಡೀ ಅದೇ ಊರಿನ ನೆಲದಲ್ಲಿ ಬಿಟ್ಟಿ ನಿಂತಿರುತ್ತದೆ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬೆಂಗಳೂರಿಗಾಗಿ 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಮನೆಯವರಿಗೆ ವಾರ್ಷಿಕ ಪರವಾನಗಿಯ ಯೋಚನೆಯಿತ್ತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ಸಣ್ಣ ಕಾರಿಗೆ ಲೆಕ್ಕ ಹಾಕಿದರೆ ದಿನಕ್ಕೆ ಮೂರು ರೂಪಾಯಿಯೂ ಆಗುವುದಿಲ್ಲ. ಅಷ್ಟಕ್ಕೇ ಕೂಗೆದ್ದಿತು, ನೀತಿ ಬಹುಕಾಲ ಕಾಗದದಲ್ಲೇ ಮಲಗಿತು. ಜಪಾನಿನಲ್ಲಿ 1962ರಿಂದಲೇ ಕಾನೂನಿದೆ: ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗ ತೋರಿಸದೆ ಕಾರು ನೋಂದಾಯಿಸುವಂತಿಲ್ಲ. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು, ವಾಹನ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದೆಂದು ಸ್ಥಳೀಯ ಸಂಸ್ಥೆಯನ್ನು ಕೇಳಿ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ.

ನಮ್ಮಂಥ ಸಣ್ಣ ಊರಿಗೆ ಪಾರ್ಕಿಂಗ್ ಪರವಾನಗಿ ಯಾಕೆ ಎಂದು ಕೇಳುವವರಿದ್ದಾರೆ. ಸಣ್ಣ ಊರಾದ್ದರಿಂದಲೇ ಬೇಕು ಎನ್ನುತ್ತೇನೆ. ಇಲ್ಲಿ ದೊಡ್ಡ ದನಿ ಇದ್ದವರ ಕಲ್ಲನ್ನು ಯಾರೂ ಸರಿಸುವುದಿಲ್ಲ, ಬಾಡಿಗೆ ಮನೆಯವನ ಕಲ್ಲು ಮರುದಿನವೇ ಗಟಾರದಲ್ಲಿರುತ್ತದೆ. ಶುಲ್ಕ ಪಡೆದು ಮನೆಗೊಂದು ಪರವಾನಗಿ ಚೀಟಿ ಎಂದು ಬರೆದಿಟ್ಟರೆ ಅವನಿಗೂ ಒಂದು ಹಕ್ಕು. ಎರಡನೇ ಕಾರಿಗೆ ದುಪ್ಪಟ್ಟು ಶುಲ್ಕವಿರಲಿ. ಅಂಬುಲೆನ್ಸ್ ತಿರುಗುವ ಮೂಲೆಗಳಲ್ಲಿ ಮಾತ್ರ ಎಷ್ಟು ದುಡ್ಡು ಕೊಟ್ಟರೂ ಚೀಟಿ ಬೇಡ.

ಚೀಟಿಯಿಂದ ಬಂದ ಹಣವನ್ನು ಸ್ಥಳೀಯ ಸಂಸ್ಥೆ ಮೊದಲು ಸಂತೆಯ ಅಕ್ಕಂದಿರಿಗೆ ಖರ್ಚು ಮಾಡಲಿ, ನೆತ್ತಿಯ ಮೇಲೊಂದು ಮಾಡು, ಪಕ್ಕದಲ್ಲೊಂದು ಶೌಚಾಲಯ. ಅವರ ನೆಲಬಾಡಿಗೆಯನ್ನು ಪೂರ್ತಿ ಮಾಫಿ ಮಾಡಲಿ. ಈ ಬೇಡಿಕೆಯನ್ನು ಅರ್ಜಿಯಾಗಿಯೂ ಬರೆದು ಊರಿನ ಕಚೇರಿಗೆ ಕೊಡುವವನಿದ್ದೇನೆ, ಕೇರಿಯಲ್ಲಿ ಯಾರು ಒಪ್ಪುತ್ತಾರೋ ಅವರ ಸಹಿಯೊಂದಿಗೆ.

ಇಂತಿ,
ನಿಮ್ಮ ಹಾದಿಯ ಪಕ್ಕದಲ್ಲಿರುವ ಒಬ್ಬ ಕುಮಟೆಯವ