ಫೋನು ಹತ್ತದಿದ್ದರೆ ಮುನಿಯಬೇಡಿ

ಗೋಡೆಗೂ ಕಿವಿ ಇರುತ್ತದೆ, ಮೆಲ್ಲಗೆ ಮಾತಾಡು ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈಗಿನ ಗೋಡೆಗಳಿಗೆ ಕಿವಿಯ ಜೊತೆಗೆ ಬಾಯಿಯೂ ಬಂದಿದೆ ನೋಡಿ, ಸೋದರಿಯರೇ! ನಾವು ಊರಲ್ಲಿ ಕೂತು ಮಕ್ಕಳಿಗೆ ಮಾಡಿದ ಫೋನನ್ನು ಬೆಂಗಳೂರಿನ ಗೋಡೆಗಳು ಮನೆಯ ಹೊರಗೇ ನುಂಗಿಬಿಡುತ್ತವೆ. ಇತ್ತ ನಾವು, “ಮಗಳು ಫೋನು ಎತ್ತಲಿಲ್ಲ, ಸೊಸೆ ಬೇಕಂತಲೇ ಬಂದ್ ಮಾಡಿ ಇಟ್ಟಾಳೆ” ಎಂದು ಮುಖ ಊದಿಸಿಕೊಂಡು ಕೂರುತ್ತೇವೆ. ಈ ಮುನಿಸಿನ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇನೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೆಂಗಳೂರಿಗೆ ಒಬ್ಬರನ್ನಾದರೂ ಕಳಿಸದ ಓಣಿ ಸಿಗುವುದು ಕಷ್ಟ. ಓದಿದವರು ಕಂಪನಿ ಕೆಲಸಕ್ಕೆ, ಓದದವರು ಕಟ್ಟಡದ ಕೆಲಸಕ್ಕೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತಾಗ ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಹತ್ತಿಸಲು ಬಂದ ತಾಯಂದಿರ ಕೊನೆಯ ಮಾತು ಒಂದೇ: “ಮುಟ್ಟಿದ ಕೂಡಲೇ ಫೋನ್ ಮಾಡವ್ವ.”

ನಮ್ಮ ಚಿಕ್ಕಂದಿನಲ್ಲಿ ದೂರದವರ ಜೊತೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ತಾರು ಬಂತೆಂದರೆ ಓದುವ ಮೊದಲೇ ಎದೆ ಝಲ್ಲೆನ್ನುತ್ತಿತ್ತು. ಆ ತಾರಿನ ಸೇವೆ 2013ರ ಜುಲೈಯಲ್ಲಿ ನಿಂತೇ ಹೋಯಿತು. ಈಗ ಹೊಲದಲ್ಲಿ ಹತ್ತಿ ಬಿಡಿಸುವವರ ಸೆರಗಿನ ಗಂಟಿನಲ್ಲೂ ಮೊಬೈಲು! ಆದರೆ ವಿಚಿತ್ರ ಏನೆಂದರೆ, ಸಣ್ಣ ಊರಿನ ನಮ್ಮ ಕಟ್ಟೆಯ ಮೇಲೆ ನಾಲ್ಕು ಕಡ್ಡಿ ಸಿಗ್ನಲ್ ಇರುತ್ತದೆ. ಅಷ್ಟು ದೊಡ್ಡ ಬೆಂಗಳೂರಿನ ಮನೆಯೊಳಗೆ ಒಂದು ಕಡ್ಡಿಯೂ ಇರುವುದಿಲ್ಲ.

ಇದೇನು ಮಹಾ ಎನ್ನಬೇಡಿ. ನಮ್ಮ ಓಣಿಯಲ್ಲಿ 2023ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹಿರಿಯರಿಗೆ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂತು. ಇದ್ದ ಒಬ್ಬ ಮಗ ಬೆಂಗಳೂರಿನಲ್ಲಿ. ಅವರ ಹೆಂಡತಿ, ನೆರೆಯವರು, ಭಾವನ ಮಗ ಎಲ್ಲರೂ ಸರದಿಯಂತೆ ಫೋನು ಹಚ್ಚಿದರು. “ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂಬ ಅದೇ ರಾಗ. ಮಗ ಎಲ್ಲೂ ಹೋಗಿರಲಿಲ್ಲ. ದೊಡ್ಡ ಕಟ್ಟಡದ ನೆಲಮಹಡಿಯ ತನ್ನ ಮನೆಯಲ್ಲಿ, ಫೋನನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮಲಗಿದ್ದ. ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಗೆ ಬಂದಾಗ ರಾತ್ರಿಯಿಡೀ ಬಂದ ಕರೆಗಳ ಸಂದೇಶಗಳು ಒಂದರ ಹಿಂದೊಂದು ಬಿದ್ದವು. ಅಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು. ಅವನು ಬಂದು ಮುಟ್ಟುವವರೆಗೆ ಮಣ್ಣು ಮಾಡದೆ ಕಾದರು. ಬಂದವರಲ್ಲಿ ಕೆಲವರು, “ಅಪ್ಪ ಸಾಯ್ಲಿಕತ್ತಾಗ ಮಗ ಫೋನ್ ಎತ್ತಲಿಲ್ಲ” ಎಂದು ಪಿಸುಗುಟ್ಟಿದರು. ಆ ತಾಯಿ ಅಳುವಿನ ನಡುವೆಯೇ ತಲೆ ಎತ್ತಿ ಹೇಳಿದರು: “ಎತ್ತಲಿಲ್ಲ ಅನ್ನಬ್ಯಾಡ್ರಿ. ನನ್ನ ಮಗಗ ಕೇಳಿಸೇ ಇಲ್ಲ.”

ಅವನ ಮನೆಯಲ್ಲಿ ಟಿ.ವಿ. ನೋಡಲೆಂದು ಹಾಕಿಸಿದ ಇಂಟರ್ನೆಟ್ಟು ಆ ರಾತ್ರಿಯೂ ನಡೆಯುತ್ತಿತ್ತಂತೆ. ಫೋನಿನೊಳಗಿನ ಒಂದು ಗುಂಡಿ ಒತ್ತಿಟ್ಟಿದ್ದರೆ ಅದರ ಮೂಲಕವೇ ಕರೆ ಹೋಗಬಹುದಿತ್ತು. ಈ ಮಾತು ಆಮೇಲೆ ತಿಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗ ಟವರ್ ದುರಸ್ತಿಯ ಕೆಲಸದಲ್ಲಿದ್ದಾನೆ. ಊಟಕ್ಕೆ ಬಂದಾಗ ಬಿಡದೆ ಕೇಳಿದೆ. “ಅತ್ತಿ, ನಿಮ್ಮ ಓಣ್ಯಾಗ ಡೊಳ್ಳು ಬಾರಿಸಿದ್ರ ಬಾಗಿಲ ಹಾಕಿದ್ರೂ ಕೇಳಸ್ತದ. ಗೆಜ್ಜಿ ಸಪ್ಪಳ ಕೇಳಸ್ತದೇನ್ರಿ?” ಎಂದ. ಫೋನಿನ ಅಲೆಗಳಲ್ಲೂ ಡೊಳ್ಳು, ಗೆಜ್ಜೆ ಎಂಬ ಭೇದವಿದೆಯಂತೆ. 700, 900 ಮೆಗಾಹರ್ಟ್ಸ್ ಎಂಬ ಕಡಿಮೆ ಅಲೆಗಳು ಡೊಳ್ಳಿನ ಹಾಗೆ, ದೂರ ಹೋಗುತ್ತವೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತವೆ. 1800, 2300 ಮತ್ತು 2022ರ ಅಕ್ಟೋಬರಿನಲ್ಲಿ ನಮ್ಮ ದೇಶಕ್ಕೆ ಬಂದ 5ಜಿಯಲ್ಲಿ ಬಳಸುವ 3300ರ ಮೇಲಿನ ಅಲೆಗಳು ಗೆಜ್ಜೆಯ ಹಾಗೆ. ಅವು ಸಿನಿಮಾ, ಚಿತ್ರ ಎಲ್ಲವನ್ನೂ ಬೇಗ ಬೇಗ ಹೊತ್ತು ತರುತ್ತವೆ, ಆದರೆ ಗೋಡೆ ಅಡ್ಡ ಬಂದರೆ ಸೋಲುತ್ತವೆ.

ಅದರಲ್ಲೂ ಎಂಥ ಗೋಡೆ! ನಮ್ಮ ಕಡೆ ಹಳೆಯ ಮನೆಗಳ ಗೋಡೆ ದಪ್ಪ ನಿಜ. ನಡುಮನೆಯಲ್ಲಿ ಫೋನು ಹಿಡಿದವರು ಹಲೋ ಹಲೋ ಎನ್ನುತ್ತ ಮಾಳಿಗೆ ಹತ್ತುವುದನ್ನು ದಿನಾ ನೋಡುತ್ತೇವೆ. ಬೆಂಗಳೂರಿನ ಕಟ್ಟಡಗಳಲ್ಲಾದರೋ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳ ಬಲೆ, ಹೊರಗೆ ಬಿಸಿಲು ತಡೆಯಲೆಂದು ಲೋಹದ ತೆಳು ಲೇಪ ಹಚ್ಚಿದ ಗಾಜು. ಈ ಅಲೆಗಳಿಗೆ ಲೋಹವೇ ದೊಡ್ಡ ಶತ್ರು. ಲಿಫ್ಟಿನೊಳಗೆ ಹೊಕ್ಕ ಕೂಡಲೇ ಮಾತು ಕಡಿಯುವುದು ಅದು ಕಬ್ಬಿಣದ ಪೆಟ್ಟಿಗೆಯಾದ್ದರಿಂದ. ಕಟ್ಟಡ ಕೆಲಸಕ್ಕೆ ಹೋದ ನಮ್ಮವರು ಇರುವ ತಗಡಿನ ಶೆಡ್ಡುಗಳೂ ಅಂಥದೇ ಪೆಟ್ಟಿಗೆ. ಮೇಲಾಗಿ ಶಹಾಪುರದ ಬೆಟ್ಟದ ಮರೆಗೆ ಹೋದರೆ ಕಡ್ಡಿ ಇಳಿಯುವಂತೆ, ಅಲ್ಲಿ ಎತ್ತರದ ಕಟ್ಟಡಗಳೇ ಒಂದಕ್ಕೊಂದು ಬೆಟ್ಟವಾಗಿ ನಿಂತಿವೆ.

ಇದರಲ್ಲಿ ಹೆಂಗಸರ ಪಾಡು ಹೆಚ್ಚಿನದು. ಮನೆಯ ಮುಂಭಾಗದಲ್ಲಿ, ಕಿಟಕಿಯ ಹತ್ತಿರ ಗಂಡಸರ ಕುರ್ಚಿ. ಒಳಗೊಳಗೆ, ಎರಡು ಮೂರು ಗೋಡೆ ದಾಟಿದ ಮೇಲೆ ಅಡುಗೆಮನೆ. ದಿನದ ಬಹುಪಾಲು ಅಲ್ಲೇ ಇರುವವಳಿಗೆ ಫೋನು ಹತ್ತುವುದಿಲ್ಲ. “ಗಂಡಗ ಹಚ್ಚಿದ್ರ ಹತ್ತತದ, ಸೊಸಿಗೆ ಹಚ್ಚಿದ್ರ ಹತ್ತಂಗಿಲ್ಲ, ಇದ್ಯಾವ ನ್ಯಾಯ?” ಎಂದು ಅತ್ತೆ ಕೇಳಿದರೆ ಪಾಪ, ಆ ಹುಡುಗಿ ಏನು ಹೇಳಬೇಕು?

ಗೋಡೆಯ ಕತೆ ಹೀಗಾದರೆ ಮಂದಿಯ ಕತೆ ಇನ್ನೊಂದು. 2011ರ ಜನಗಣತಿಯಂತೆ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 224 ಜನ; ಬೆಂಗಳೂರು ನಗರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೇಲೆ. ಒಂದು ಟವರಿನ ಸುತ್ತಲಿನ ಜಾಗಕ್ಕೆ ‘ಸೆಲ್’ ಎನ್ನುತ್ತಾರೆ. ಸೆಲ್ ಫೋನ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಆ ಸೆಲ್ಲಿನಲ್ಲಿ ಇರುವವರೆಲ್ಲ ಇದ್ದಷ್ಟು ಅಲೆಯನ್ನೇ ಹಂಚಿಕೊಳ್ಳಬೇಕು. ಓಣಿಗೊಂದೇ ನಲ್ಲಿ, ನಾಲ್ಕು ಕೊಡಗಳಾದರೆ ಬೇಗ ತುಂಬುತ್ತವೆ, ನಲವತ್ತಾದರೆ ಪಾಳಿ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸಂಕ್ರಾಂತಿಯಲ್ಲಿ ಹೋದವರಿಗೆ ಇದು ಗೊತ್ತು. ಫೋನಿನಲ್ಲಿ ಕಡ್ಡಿ ತುಂಬ ಇರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಕಡ್ಡಿ ತೋರಿಸುವುದು ಟವರಿನ ದನಿ ನಮಗೆ ಎಷ್ಟು ಜೋರಾಗಿ ಮುಟ್ಟುತ್ತಿದೆ ಎಂಬುದನ್ನು. ಪಾಳಿಯಲ್ಲಿ ನಮ್ಮ ಮುಂದೆ ಎಷ್ಟು ಮಂದಿ ಇದ್ದಾರೆ ಎಂಬುದನ್ನಲ್ಲ. ಬೆಂಗಳೂರಿನಲ್ಲಿ ಸಂಜೆ ಏಳರಿಂದ ಹತ್ತರವರೆಗೆ ದಿನಾ ಜಾತ್ರೆಯೇ ಎಂದು ತಿಳಿಯಿರಿ. ಎಲ್ಲರೂ ಮನೆ ಸೇರಿ ಫೋನಿನಲ್ಲಿ ಸಿನಿಮಾ, ಧಾರಾವಾಹಿ ನೋಡುವ ಹೊತ್ತು ಅದು. ನಾವೂ ಒಲೆ ಆರಿಸಿ ಫೋನು ಹಿಡಿಯುವುದು ಅದೇ ಹೊತ್ತಿಗೆ!

ಹಾಗಾದರೆ ಇನ್ನೊಂದಿಷ್ಟು ಟವರ್ ಹಾಕಲಿ ಎನ್ನುತ್ತೀರಿ. ಹಾಕಬೇಕಾದದ್ದೇ. ಆದರೆ ಎಲ್ಲರಿಗೂ ಸಿಗ್ನಲ್ ಬೇಕು, ತಮ್ಮ ತಾರಸಿಯ ಮೇಲೆ ಟವರ್ ಮಾತ್ರ ಬೇಡ. ಕಿರಣದ ಭಯ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರಿನ ಕಿರಣಕ್ಕೆ ಹಾಕಿರುವ ಮಿತಿ, ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ಇನ್ನೊಂದು ಮಾತು: ಟವರ್ ದೂರವಾದಷ್ಟೂ ಕೈಯಲ್ಲಿರುವ ಫೋನೇ ಜೋರಾಗಿ ಕೂಗಬೇಕಾಗುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದನ್ನು ನೀವೂ ನೋಡಿರಬಹುದು.

ಸರಕಾರ ಸುಮ್ಮನಿದೆಯೇ ಎಂದರೆ ಹಾಗೂ ಇಲ್ಲ. ದೂರಸಂಪರ್ಕದ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಕಡಿದುಹೋದ ಪ್ರತಿ ಕರೆಗೆ ಕಂಪನಿಗಳು 1 ರೂಪಾಯಿಯಂತೆ ದಿನಕ್ಕೆ 3 ಕರೆಗಳವರೆಗೆ ಕೊಡಬೇಕೆಂದು 2015ರಲ್ಲಿ ಆಜ್ಞೆ ಮಾಡಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಸೇವೆಯ ಗುಣಮಟ್ಟದ ಹೊಸ ನಿಯಮಗಳು 2024ರ ಅಕ್ಟೋಬರಿನಿಂದ ಬಂದಿವೆ. ಯಾವ ಪ್ರದೇಶದಲ್ಲಿ ತಮ್ಮ ಸೇವೆ ಸಿಗುತ್ತದೆ ಎಂಬ ನಕಾಶೆಯನ್ನು ಕಂಪನಿಗಳು ಪ್ರಕಟಿಸಬೇಕು. ಅದೇ ತಿಂಗಳು ಕಟ್ಟಡಗಳಿಗೂ ಸಂಪರ್ಕದ ಅಂಕ ಕೊಡುವ ನಿಯಮ ಬಂತು. ಕಟ್ಟುವಾಗಲೇ ನೀರಿನ ಪೈಪು, ಕರೆಂಟಿನ ತಂತಿ ಹಾಕಿದಂತೆ ಒಳಗೆ ಸಿಗ್ನಲ್ಲಿಗೂ ದಾರಿ ಮಾಡಿಡಲಿ ಎಂಬುದು ಅದರ ಆಶಯ. ಒಳ್ಳೆಯದೇ. ಆದರೆ ಈಗಾಗಲೇ ಕಟ್ಟಿದ ಮನೆಗಳಲ್ಲಿ ಇರುವ ನಮ್ಮ ಮಕ್ಕಳು ಏನು ಮಾಡಬೇಕು? ನಾನು ಕೇಳಿ ತಿಳಿದು, ಕೆಲವನ್ನು ಮಾಡಿಸಿ ನೋಡಿ, ಇವಿಷ್ಟನ್ನು ಬರೆದಿದ್ದೇನೆ.

ಒಂದು, ಮನೆಯಲ್ಲಿ ವೈ-ಫೈ ಇದ್ದರೆ ಫೋನಿನ ಸೆಟ್ಟಿಂಗ್ಸಿನಲ್ಲಿ ‘ವೈ-ಫೈ ಕಾಲಿಂಗ್’ ಎಂಬುದನ್ನು ಒತ್ತಿಡಬೇಕು. ಆಗ ಮಾಮೂಲಿ ಕರೆಯೇ ಟವರಿನ ಬದಲು ವೈ-ಫೈ ಮೂಲಕ ಬರುತ್ತದೆ. ನಂಬರು ಅದೇ, ಬೇರೆ ಆ್ಯಪ್ ಬೇಡ. ನಮ್ಮಲ್ಲಿ 2019ರ ಕೊನೆ, 2020ರ ಆರಂಭದಿಂದ ಈ ಸೌಲಭ್ಯ ಇದೆ. ಎಲ್ಲ ಫೋನುಗಳಲ್ಲೂ ಇರುವುದಿಲ್ಲ, ಕೇಳಿ ನೋಡಬೇಕು. ಕರೆಂಟು ಹೋದರೆ ವೈ-ಫೈಯೂ ಹೋಗುತ್ತದೆ, ಅದಕ್ಕೊಂದು ಚಿಕ್ಕ ಬ್ಯಾಟರಿ ಇಟ್ಟರೆ ಒಳ್ಳೆಯದು.

ಎರಡು, ಬಾಡಿಗೆ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೀರು ನೋಡುತ್ತೇವಲ್ಲ, ಹಾಗೆಯೇ ಅಡುಗೆಮನೆಯಲ್ಲೂ ಮಲಗುವ ಕೋಣೆಯಲ್ಲೂ ಬಾಗಿಲು ಹಾಕಿ ನಿಂತು ಒಂದು ಕರೆ ಮಾಡಿ ನೋಡಬೇಕು. ಅಡ್ವಾನ್ಸ್ ಕೊಟ್ಟ ಮೇಲೆ ನೋಡಿದರೆ ಏನು ಬಂತು?

ಮೂರು, ಗಂಡ ಹೆಂಡತಿ ಇಬ್ಬರದೂ ಒಂದೇ ಕಂಪನಿಯ ಸಿಮ್ ಬೇಡ. ಒಂದು ಹತ್ತದಿದ್ದರೆ ಇನ್ನೊಂದು ಹತ್ತುತ್ತದೆ. ಕಂಪನಿ ಬದಲಿಸುವ ಮೊದಲು ಪಕ್ಕದ ಮನೆಯವರ ಫೋನನ್ನು ನಮ್ಮ ಮನೆಯೊಳಗೆ ತಂದು ನೋಡಬೇಕು. ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರಿಂದಲೂ ಇದೆ.

ನಾಲ್ಕು, ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ ಎಂದು ಮಾರುವ ಬೂಸ್ಟರುಗಳನ್ನು ಕೊಳ್ಳಬೇಡಿ. ಪರವಾನಗಿ ಇಲ್ಲದೆ ಇಡುವುದು ಕಾನೂನಿಗೆ ವಿರುದ್ಧ. ನಮಗೆ ಒಂದು ಕಡ್ಡಿ ಹೆಚ್ಚಾದರೆ ಸುತ್ತಲಿನ ಮನೆಗಳ ಫೋನು ಕೆಡುತ್ತದೆ.

ಐದು, ದೂರು ಕೊಡಬೇಕಾದರೆ 198ಕ್ಕೆ ಕರೆ ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಕಟ್ಟಡದವರೆಲ್ಲ ಸೇರಿ ಕೊಟ್ಟ ದೂರಿಗೆ ತೂಕ ಹೆಚ್ಚು.

ಆರು, ಕರೆ ಹತ್ತದಿದ್ದರೆ ಒಂದು ಸಾಲು ಮೆಸೇಜು ಕಳಿಸಿಡಿ. ಫೋನು ಸಿಗ್ನಲ್ಲಿಗೆ ಬರುವವರೆಗೆ ಅದು ಕಾದಿದ್ದು ಮುಟ್ಟುತ್ತದೆ. ಅಪಾಯದ ಹೊತ್ತಿನಲ್ಲಿ ಮಕ್ಕಳು 112ಕ್ಕೆ ಹಚ್ಚಲಿ. ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಆ ಕರೆ ಹೋಗಬಹುದು.

ಇವೆಲ್ಲಕ್ಕೂ ಮುಖ್ಯವಾದದ್ದು ಏಳನೆಯದು, ಅದಕ್ಕೆ ದುಡ್ಡೂ ಬೇಡ. ಎರಡನೆಯ ದಾರಿಯೊಂದನ್ನು ಮೊದಲೇ ಗೊತ್ತು ಮಾಡಿಡಿ. ಮಕ್ಕಳ ಪಕ್ಕದ ಮನೆಯವರದೋ, ಮನೆ ಮಾಲಿಕರದೋ, ವಾಚ್‌ಮನ್ನನದೋ, ಶೆಡ್ಡಿನಲ್ಲಿದ್ದರೆ ಮೇಸ್ತ್ರಿಯದೋ ನಂಬರು ಬೇಕು. ಫೋನಿನೊಳಗೆ ಮಾತ್ರವಲ್ಲ, ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಅರ್ಧ ರಾತ್ರಿಯಲ್ಲಿ ಹೋಗಿ ಬಾಗಿಲು ಬಡಿಯುವ ಒಬ್ಬರು ಅಲ್ಲಿರಬೇಕು. ನಮ್ಮ ಓಣಿಯ ಆ ತಾಯಿ ಈಗ ತಮ್ಮ ಗೋಡೆಯ ಮೇಲೆ ಇಂಥ ಮೂರು ನಂಬರು ಬರೆಸಿದ್ದಾರೆ.

ಒಂದು ಹೊತ್ತನ್ನೂ ಗೊತ್ತು ಮಾಡಿ. ಮೊಮ್ಮಗನನ್ನು ಇಟ್ಟುಕೊಂಡಿರುವ ಒಬ್ಬ ಅಜ್ಜಿ ನಮ್ಮ ಹಿಂದಿನ ಓಣಿಯಲ್ಲಿದ್ದಾಳೆ. ಮಗ, ಸೊಸೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ. ದಿನಾ ರಾತ್ರಿ ಫೋನು ಹತ್ತದೆ ಹುಡುಗ ಅಳುತ್ತ ಮಲಗುತ್ತಿತ್ತು. ಈಗ ಬೆಳಿಗ್ಗೆ ಆರೂವರೆಗೆ, ಕೆಲಸಕ್ಕೆ ಹೊರಡುವ ಮುಂಚೆ, ತಾಯಿ ತಗಡಿನ ಶೆಡ್ಡಿನಿಂದ ಬಯಲಿಗೆ ಬಂದು ನಿಲ್ಲುತ್ತಾಳೆ. ಆ ಹೊತ್ತಿಗೆ ಪಾಳಿಯೂ ಇಲ್ಲ, ಗೋಡೆಯೂ ಇಲ್ಲ. “ಯವ್ವಾ, ಹಲ್ಲ ತಿಕ್ಕೀನಿ” ಎಂದು ಹುಡುಗ ಮೊದಲು ವರದಿ ಒಪ್ಪಿಸುತ್ತಾನೆ. ಹತ್ತು ನಿಮಿಷದ ಮಾತು, ದಿನವಿಡೀ ಸಮಾಧಾನ.

ಸೋದರಿಯರೇ, ಮಕ್ಕಳ ಪ್ರೀತಿಯನ್ನು ಕಡ್ಡಿ ಎಣಿಸಿ ಅಳೆಯಬೇಡಿ. ಇಂದೇ ಸಂಜೆ, ಅಲ್ಲ, ನಾಳೆ ಬೆಳಿಗ್ಗೆ, ಅವರು ಕಿಟಕಿಯ ಹತ್ತಿರ ಬಂದು ನಿಂತಾಗ ಕೇಳಿ: “ನಿಮ್ಮನ್ಯಾಗ ಎಲ್ಲಿ ಫೋನ್ ಹತ್ತತದ? ಹತ್ತಲಿಲ್ಲಂದ್ರ ಯಾರಿಗೆ ಹಚ್ಚಲಿ?” ಅವರು ಹೇಳಿದ್ದನ್ನು ಪೆನ್ಸಿಲ್ ಹಿಡಿದು ಬರೆದುಕೊಳ್ಳಿ. ಅಷ್ಟು ಮಾಡಿದರೆ ಈ ಬರೆಹ ಸಾರ್ಥಕ.